ಅವ್ವಮ್ಮನ ಒಂದು ಗೊನೆ ಬಾಲೆ

ಮದುವೆ ನಿಶ್ಚಯವಾದದ್ದು ಸೌದಿಯ ದಮ್ಮಾಮಿನಲ್ಲಿ. ಪುಂಜಾಲಕಟ್ಟೆಯ ಅಬ್ದುಲ್ ಸಲಾಂ ಮತ್ತು ಮೂಡಬಿದಿರೆಯ ಇದ್ದಿನಬ್ಬ ಅಲ್ಲಿ ಒಂದೇ ಕೋಣೆಯಲ್ಲಿದ್ದವರು, ಒಂದೇ ಪಾತ್ರೆಯಲ್ಲಿ ಅನ್ನ ಬೇಯಿಸಿ ಉಂಡವರು. ೧೯೯೯ರ ಜನವರಿಯ ಒಂದು ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ಸುಲೈಮಾನಿ ಚಾ ಕುಡಿಯುತ್ತಾ ಮಕ್ಕಳ ಮಾತೆತ್ತಿದರು. ಗ್ಲಾಸು ಖಾಲಿಯಾಗುವಷ್ಟರಲ್ಲಿ ಸಲಾಂರ ಮಗಳು ಶಿಫಾನಾ ಇದ್ದಿನಬ್ಬರ ಮಗ ಅನ್ಸಾಫ್‌ಗೆ ಎಂದು ತೀರ್ಮಾನವಾಗಿತ್ತು.

ಸುದ್ದಿ ಫೋನಿನಲ್ಲಿ ಪುಂಜಾಲಕಟ್ಟೆಗೆ ಬಂತು. ಸಲಾಂರ ಹೆಂಡತಿ ಖದೀಜ ರಿಸೀವರ್ ಕೈಯಲ್ಲಿ ಹಿಡಿದೇ ಒಳಗೆ ತಿರುಗಿ ಕೂಗಿದರು.

"ಶಿಫಾ, ಬಾ ಇಲ್ಲಿ! ನಿನ್ನ ಉಪ್ಪ ನಿನ್ನನ್ನು ಮೂಡಬಿದ್ರೆಗೆ ಕೊಟ್ರಂತೆ!"

ಚಾವಡಿಯ ಮೂಲೆಯಲ್ಲಿ ಸಲಾಂರ ತಾಯಿ ಅವ್ವಮ್ಮ ಟೊಪ್ಪಿಗೆ ಕಸೂತಿ ಹಾಕುತ್ತಾ ಕೂತಿದ್ದರು. ಎಪ್ಪತ್ತೈದರ ಹತ್ತಿರದ ವಯಸ್ಸು, ಕನ್ನಡಕವಿಲ್ಲದ ಕಣ್ಣು. ಸೂಜಿ ನಿಲ್ಲಿಸದೆಯೇ ಕೇಳಿದರು, "ಮೂಡಬಿದ್ರೆಯಲ್ಲಿ ಯಾರ ಮನೆ?"

"ಇದ್ದಿನಬ್ಬರ ಮನೆ, ಮಾಮಿ. ಹುಡುಗನ ತಾಯಿ ಬೀಬಿ ಅಂತೆ."

ಸೂಜಿ ನಿಂತಿತು. ಶಿಫಾನಾ ಅದನ್ನು ನೋಡಿದಳು. ಬೆಲ್ಯುಮ್ಮನ, ಎಂದರೆ ತನ್ನ ಈ ಅಜ್ಜಿಯ ಕೈ ಹಗಲಿನಲ್ಲಿ ಸುಮ್ಮನಾದದ್ದನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ.

"ಗಂಡಸರು ಮಾಡುವ ಕೆಲಸ!" ಎಂದು ಅವ್ವಮ್ಮ ನೂಲನ್ನು ಹಲ್ಲಿನಿಂದ ಕಡಿದರು. "ಹೆಂಗಸರನ್ನು ಒಂದು ಮಾತು ಕೇಳ್ಲಿಕ್ಕೆ ಇವರಿಗೆ ಎಂತ ಕಷ್ಟ?"

ಶಿಫಾನಾಗೆ ಹುಡುಗ ಇಷ್ಟವಾದ. ಮೂಡಬಿದಿರೆಯ ಪೇಟೆಯಲ್ಲಿ ಅನ್ಸಾಫ್‌ಗೆ ಚಪ್ಪಲಿ ಅಂಗಡಿ. ಹೆಣ್ಣು ನೋಡಲು ಬಂದವನು ಗಾಬರಿಯಲ್ಲಿ ಎರಡು ಕಪ್ ಚಾ ಒಟ್ಟಿಗೆ ಕುಡಿದ; ಹೊರಡುವಾಗ ಮನೆಯವರ ಹಳೆಯ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟ. ಅರ್ಧ ದಾರಿಯಿಂದ ಹಿಂದೆ ಬಂದು, ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ತನ್ನದನ್ನು ಹುಡುಕುತ್ತಿದ್ದಾಗ ಶಿಫಾನಾ ಕಿಟಕಿಯ ಹಿಂದೆ ಬಾಯಿಗೆ ಶಾಲು ಒತ್ತಿಕೊಂಡು ನಕ್ಕಳು. ಆ ನಗುವಿನಲ್ಲೇ ಒಪ್ಪಿಗೆಯೂ ಇತ್ತು. ಹುಡುಗನ ಬಗ್ಗೆ ಅವಳಿಗೆ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಹುಡುಗನ ತಾಯಿಯದು. ಅನ್ಸಾಫ್ ಬೀಬಿಯವರಿಗೆ ಒಬ್ಬನೇ ಮಗ, ಮತ್ತು ಬೀಬಿ ಅವ್ವಮ್ಮನ ಜೊತೆ ಮಾತು ಬಿಟ್ಟು ಇಪ್ಪತ್ತೆಂಟು ವರ್ಷವಾಗಿತ್ತು.

ಅದಕ್ಕೆ ಕಾರಣ ಒಂದು ಪಾಟ್. ಕರಾವಳಿಯ ಬ್ಯಾರಿ ಮುಸ್ಲಿಮರ ಮದುವೆಯಲ್ಲಿ ಹೆಂಗಸರು ಕೈ ತಟ್ಟಿಕೊಂಡು ಹೇಳುವ ಹಾಡು ಅದು. ಅವ್ವಮ್ಮನ ಬದುಕನ್ನು ಹೇಳಹೊರಟರೆ ಅಲ್ಲಿಂದಲೇ ಶುರು ಮಾಡಬೇಕು.

ಅವರು ಹುಟ್ಟಿದ್ದು ಫರಂಗಿಪೇಟೆಯಲ್ಲಿ, ನೇತ್ರಾವತಿ ಉಕ್ಕಿ ಊರನ್ನೇ ಮುಳುಗಿಸಿದ ದೊಡ್ಡ ಬೊಳ್ಳದ ಮರುವರ್ಷ. ತಂದೆಯದು ಹಂಚು ಸಾಗಿಸುವ ದೋಣಿ. ಮನೆಯ ಹಿಂದೆ ಭತ್ತ ಕುಟ್ಟುವ ಕೊಟ್ಟಿಗೆ ಇತ್ತು. ಒಂದು ಒರಳಿನ ಸುತ್ತ ಬ್ಯಾರಿ ಹೆಂಗಸರು, ಇನ್ನೊಂದರ ಸುತ್ತ ತುಳುವಿನ ಹೆಂಗಸರು. ಎರಡು ಭಾಷೆಯ ಹಾಡಿಗೂ ಒನಕೆಯ ಪೆಟ್ಟು ಒಂದೇ. ಅಲ್ಲಿ ಅಡ್ಡಾಡುತ್ತಿದ್ದ ಸಣ್ಣ ಹುಡುಗಿ ಎರಡನ್ನೂ ಕಲಿತಳು. ಹದಿನಾಲ್ಕಕ್ಕೆ ಮದುವೆಯಾಗಿ ಪುಂಜಾಲಕಟ್ಟೆಗೆ ಬಂದರು. ಗಂಡ ಒಣಮೀನು ಹೇರಿಕೊಂಡು ಚಾರ್ಮಾಡಿಯವರೆಗೂ ಸಂತೆಗೆ ಹೋಗುತ್ತಿದ್ದವರು, ಕಿರಿಯ ಮಗ ಝುಬೈರ್ ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡರು. ಆಮೇಲೆ ಬೀಡಿ ಕಟ್ಟಿ, ಟೊಪ್ಪಿಗೆ ಕಸೂತಿ ಹಾಕಿ, ಹೇಂಟೆ ಸಾಕಿ ಆರು ಮಕ್ಕಳನ್ನು ದಡ ಸೇರಿಸಿದರು. ಇಷ್ಟೆಲ್ಲ ಮಾಡಿದ ಕೈ ಮದುವೆ ಮನೆಯಲ್ಲಿ ಚಪ್ಪಾಳೆಗೆ ಎದ್ದರೆ ಬೇರೆಯೇ ಒಂದು ಹೆಂಗಸು ಎದ್ದು ನಿಂತ ಹಾಗೆ ಕಾಣುತ್ತಿತ್ತು.

ಕಲಿಯುವ ಹುಚ್ಚು ಅವರಿಗೆ ವಯಸ್ಸಾದ ಮೇಲೂ ಬಿಡಲಿಲ್ಲ. ಹಿಂದೆ ಅವರು ಮೈಲಾಂಜಿ, ಎಂದರೆ ಮದರಂಗಿ, ಹಾಕುತ್ತಿದ್ದ ಕ್ರಮ ಹಳೆಯದು. ಹಲಸಿನ ಮೇಣ ಕಾಯಿಸಿ ಅಂಗೈಗೆ ಚುಕ್ಕಿ ಇಡುವುದು, ಮೇಲಿಂದ ಅರೆದ ಸೊಪ್ಪು ಮೆತ್ತುವುದು. ಒಣಗಿದ ಮೇಲೆ ಮೇಣ ಕಿತ್ತರೆ ಕೆಂಪಿನ ನಡುವೆ ಬಿಳಿ ಚಂದ್ರರು. ತೊಂಬತ್ತರ ದಶಕದಲ್ಲಿ ಬಂಟ್ವಾಳದ ಬ್ಯೂಟಿ ಪಾರ್ಲರಿಗೆ ಕೋನಿನ ಮೆಹಂದಿ ಬಂತು, ಅರೇಬಿಕ್ ಡಿಸೈನ್ ಬಂತು. ಎಪ್ಪತ್ತೆರಡರ ಅವ್ವಮ್ಮ ಬಸ್ಸು ಹತ್ತಿ ಅಲ್ಲಿಗೆ ಹೋದರು. ತಮ್ಮ ಅಂಗೈಯನ್ನೇ ಒಡ್ಡಿ ಕೂತು, ಹುಡುಗಿ ಬಳ್ಳಿ ಎಳೆಯುವುದನ್ನು ಒಂದು ಮಧ್ಯಾಹ್ನವಿಡೀ ನೋಡಿದರು. ಮನೆಗೆ ಬಂದವರೇ ಹಾಲಿನ ಪ್ಲಾಸ್ಟಿಕ್ ತೊಟ್ಟೆ ತೊಳೆದು ಒರೆಸಿ ಕೋನು ಸುತ್ತಿದರು. ಸಂಜೆಯೊಳಗೆ ಮನೆಯ ಎಲ್ಲ ಹೆಂಗಸರ ಅಂಗೈ ಮುಗಿಯಿತು, ಆಚೆಮನೆ ಕಾಂತಿಯ ಎರಡು ಕೈಯೂ ಮುಗಿಯಿತು. ಜೆದ್ದಾದಿಂದ ರಜೆಗೆ ಊರಿಗೆ ಬಂದು ಮಲಗಿದ್ದ ಝುಬೈರ್ ಎದ್ದು ನೋಡಿದರೆ ಅವನ ಪಾದದ ಮೇಲೆ ಒಂದು ಬಳ್ಳಿ ಹಬ್ಬಿತ್ತು.

"ಉಮ್ಮಾ! ನಾನು ಹೀಗೆ ಮಸೀದಿಗೆ ಹೋಗುವುದು ಹೇಗೆ?"

"ಸಾಕ್ಸ್ ಹಾಕು ಮಾರಾಯ. ನನಗೆ ಜಾಗ ಸಾಕಾಗಲಿಲ್ಲ."

ಆದರೆ ಅವರ ನಿಜವಾದ ಕಲೆ ಪಾಟಿನದು. ಅದರ ಕ್ರಮ ಹೀಗೆ: ಹೆಣ್ಣಿನ ಕಡೆಯವರು ಒಂದು ಸಾಲು, ಗಂಡಿನ ಕಡೆಯವರು ಎದುರಿಗೆ ಇನ್ನೊಂದು ಸಾಲು. ಒಂದು ಕಡೆಯಾಕೆ ಪದ ಕಟ್ಟಿ ಹೇಳಿ ಮೂರು ಸಲ ಚಪ್ಪಾಳೆ ತಟ್ಟಿದರೆ ಎದುರಿನಾಕೆ ಅಲ್ಲೇ ಉತ್ತರ ಕಟ್ಟಬೇಕು. ಕಣ್ಣಿಗೆ ಕಂಡದ್ದೆಲ್ಲ ಪದಕ್ಕೆ ಬರುತ್ತದೆ. ತಂದ ತಟ್ಟೆ, ಹಾಕಿದ ಅತ್ತರು, ಮದುಮಗನ ಮಾವನ ಸೊಟ್ಟ ಮೀಸೆ, ಯಾವುದಕ್ಕೂ ರಿಯಾಯಿತಿ ಇಲ್ಲ. ಕೆಣಕಬೇಕು, ನಗಿಸಬೇಕು, ಸೋಲಬಾರದು. ಬಂಟ್ವಾಳದ ಕಡೆ ಕೆಣಕುವುದರಲ್ಲಿ ಅವ್ವಮ್ಮನಿಗೆ ಸಮ ಇರಲಿಲ್ಲ. ಉತ್ತರ ಕೊಡುವುದರಲ್ಲಿ ಮೂಡಬಿದಿರೆಯ ಸೊಸೆ ಬೀಬಿ ಹೆಸರಾಗುತ್ತಿದ್ದರು.

ಇಬ್ಬರೂ ಎದುರುಬದುರಾದದ್ದು ೧೯೭೧ರಲ್ಲಿ, ಬೆಳ್ತಂಗಡಿಯ ಒಂದು ಮದುವೆಯಲ್ಲಿ. ಹೆಣ್ಣು ಅವ್ವಮ್ಮನ ತಂಗಿಯ ಮಗಳು. ಗಂಡು ಇದ್ದಿನಬ್ಬರ ತಮ್ಮ. ಬಂದ ತಟ್ಟೆಗಳನ್ನು ಅವ್ವಮ್ಮ ನೋಡಿದರು. ಹಲ್ವ ಇತ್ತು, ಖರ್ಜೂರ ಇತ್ತು. ಮದುವೆಗೆ ತರಲೇಬೇಕಾದ ಬಾಳೆಹಣ್ಣು ಕಾಣಲಿಲ್ಲ. ಬ್ಯಾರಿ ಮಾತಿನಲ್ಲಿ ಬಾಳೆಗೆ ಬಾಲೆ ಎನ್ನುತ್ತಾರೆ. ಪದ ತಾನಾಗಿ ಬಂತು:

ಹಲ್ವ ಬಂತು, ಖರ್ಜೂರ ಬಂತು, ಅತ್ತರು ಘಮ್ಮೆಂತು,
ಬಾಲೆ ಇಲ್ಲದ ಮನೆಯಿಂದ ಬಳಗ ನಡೆದು ಬಂತು.

ಮೂರು ಸಲ ಚಪ್ಪಾಳೆ ಬಿತ್ತು. ಎದುರಿನ ಸಾಲು ಬೀಬಿಯ ಕಡೆ ನೋಡಿತು. ಬೀಬಿಯ ಮುಖ ಬಿಳಿಚಿತ್ತು. ಅವರು ಉತ್ತರ ಕೊಡಲಿಲ್ಲ. ಎದ್ದು, ಮೆಟ್ಟಿಲಿಳಿದು, ಊಟ ಮಾಡದೆ ಮೂಡಬಿದಿರೆಯ ಬಸ್ಸು ಹತ್ತಿದರು. ಆಮೇಲೆ ಅವ್ವಮ್ಮ ಇರುವ ಯಾವ ಮದುವೆಗೂ ಅವರು ಬರಲಿಲ್ಲ. ಎಂತ ಆಯಿತು ಎಂದು ಅವ್ವಮ್ಮ ಹೇಳಿ ಕಳಿಸಿದಾಗ ಬಂದ ಉತ್ತರ ಒಂದೇ ಮಾತು, "ಅವರಿಗೇ ಗೊತ್ತುಂಟು."

ಅವ್ವಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಸಿಟ್ಟು ಜಾಸ್ತಿ. "ಹಣ್ಣು ತರಲಿಲ್ಲ ಅಂದದ್ದಕ್ಕೆ ಊಟ ಬಿಟ್ಟು ಹೋಗುವವಳ ಹತ್ತಿರ ನಾನು ಮಾತಾಡುವುದಾ?" ಎಂದರು, ಹಾಗೆಂದು ಹೇಳುತ್ತಲೇ ಬಂದರು. ಮೂಡಬಿದಿರೆಯಲ್ಲಿ ಅವರು ಪಾಟ್ ಹೇಳುವುದು ಅಲ್ಲಿಗೆ ನಿಂತಿತು.

ಈಗ ಅದೇ ಬೀಬಿಯ ಮನೆಗೆ ಶಿಫಾನಾ ಹೋಗಬೇಕು.

ಮದುವೆಗೆ ವಾರವಿರುವಾಗ ಮೂಡಬಿದಿರೆಯಿಂದ ಮಾತು ಬಂತು. ಹುಡುಗಿಯ ಬಗ್ಗೆ ಬೀಬಿಗೆ ದೂರು ಇಲ್ಲ. ನಿಖಾಹಿನ ಊಟಕ್ಕೆ ಬರುತ್ತಾರೆ, ಉಂಡು ಹೋಗುತ್ತಾರೆ. ಮೈಲಾಂಜಿಯ ದಿನ ಮಾತ್ರ ಆ ಮನೆಯ ಪಂದಲಿಗೆ, ಎಂದರೆ ಚಪ್ಪರಕ್ಕೆ, ಕಾಲಿಡುವುದಿಲ್ಲ. ಖದೀಜ ಕೇಳಿ ಗೋಡೆಗೊರಗಿ ಕೂತರು. ಆ ಎರಡೂ ಮನೆಗಳ ಕ್ರಮದಲ್ಲಿ ಮದುಮಗಳ ಅಂಗೈಗೆ ಮೊದಲ ಚುಕ್ಕಿ ಇಡಬೇಕಾದವಳು ಅತ್ತೆ. ಅತ್ತೆ ಬದುಕಿದ್ದೂ ಆ ಚುಕ್ಕಿ ಇಡದೆ ಹೋದರೆ ಎಲ್ಲರ ಎದುರು ಏನು ಹೇಳಿದ ಹಾಗಾಯಿತು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಶಿಫಾನಾ ತನ್ನ ಖಾಲಿ ಅಂಗೈ ನೋಡಿಕೊಂಡಳು.

ಆ ಸಂಜೆ ಅವಳು ಬೆಲ್ಯುಮ್ಮನ ಹತ್ತಿರ ಬಂದು ಕೂತಳು.

"ಬೆಲ್ಯುಮ್ಮ, ನೀವು ಆ ದಿನ ಹೇಳಿದ್ದು ಸರಿಯಾಗಿ ಏನು? ಒಮ್ಮೆ ಹೇಳಿ."

"ಅದರಲ್ಲಿ ಎಂತದೂ ಇಲ್ಲ ಮೋಲೆ, ನನ್ನ ಮಗಳೇ."

"ಇಲ್ಲದಿದ್ದರೆ ಹೇಳ್ಲಿಕ್ಕೆ ಎಂತ?"

ಅವ್ವಮ್ಮ ಹೇಳಿದರು. ಹೇಳುವಾಗ ಕೈ ತಾನಾಗಿ ತಟ್ಟಿತು. ಆಗಲೇ ಆಚೆಮನೆಯ ಕಾಂತಿ ತನ್ನ ಬೇಲಿಯ ಮದರಂಗಿ ಸೊಪ್ಪು ಕೊಯ್ದು ಮಡಿಲು ತುಂಬಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಕಾಂತಿಯದು ತುಳು ಮನೆ. ಅವ್ವಮ್ಮನ ಪಾಟ್ ಕೇಳಿ ಅರ್ಧಂಬರ್ಧ ಬ್ಯಾರಿಯೂ ಬರುತ್ತಿತ್ತು. ಅವಳು ಅಲ್ಲೇ ನಿಂತಳು.

"ಅಯ್ಯೋ ಅವ್ವಮ್ಮಕ್ಕ, ಮದುವೆ ಮನೆಯಲ್ಲಿ ಇಂಥ ಪದ ಹೇಳುವುದಾ? ಬಿಡ್ತು ಅನ್ನಿ."

"ಎಂಥ ಪದ? ಬಾಲೆ ತರಲಿಲ್ಲ ಅಂದೆ. ಅಷ್ಟೇ."

"ನಿಮಗೆ ಬಾಲೆ ಅಂದ್ರೆ ಹಣ್ಣು. ನಮಗೆ ಬಾಲೆ ಅಂದ್ರೆ ಮಗು ಅಲ್ವಾ! ನಾನು ಈಗ ಮೆಟ್ಟಿಲಲ್ಲಿ ಕೇಳಿದ್ದು ಮಕ್ಕಳಿಲ್ಲದ ಮನೆ ಅಂತ."

ಅವ್ವಮ್ಮನಿಗೆ ತುಳು ಗೊತ್ತಿಲ್ಲವೆಂದಲ್ಲ. ಒನಕೆಯ ಪೆಟ್ಟಿನೊಂದಿಗೆ ಕಲಿತ ಭಾಷೆ. ದಿನಾ ಕಾಂತಿಯ ಜೊತೆ ಬೇಲಿಯ ಎರಡು ಕಡೆಯಿಂದ ಆಡುವ ಭಾಷೆ. ಆದರೆ ಪದ ಕಟ್ಟುವಾಗ ಅವರು ಬ್ಯಾರಿಯೊಳಗೆ ಮಾತ್ರ ಇರುತ್ತಿದ್ದರು.

"ಖದೀಜ," ಎಂದರು ಮೆಲ್ಲಗೆ. "ಆ ವರ್ಷ ಬೀಬಿಗೆ ಮಕ್ಕಳಿತ್ತಾ?"

ಖದೀಜ ಲೆಕ್ಕ ಹಾಕುವ ಅಗತ್ಯವೂ ಇರಲಿಲ್ಲ. ಅನ್ಸಾಫ್ ಹುಟ್ಟಿದ್ದು ಬೆಳ್ತಂಗಡಿಯ ಮದುವೆ ಕಳೆದು ಎರಡು ವರ್ಷಕ್ಕೆ. "ಇರಲಿಲ್ಲ ಮಾಮಿ. ಮದುವೆಯಾಗಿ ಒಂಬತ್ತು ವರ್ಷ ಅವರಿಗೆ ಮಕ್ಕಳಾಗಲಿಲ್ಲ ಅಂತ ಕೇಳಿದ್ದೇನೆ."

"ಅವರು ತುಳುವೇ ಆಡುವ ವೇಣೂರಿನ ಕಡೆಯವರಲ್ವಾ?" ಎಂದಳು ಕಾಂತಿ. "ಕಟ್ಟಿದ ಬೀಡಿ ಕೊಡ್ಲಿಕ್ಕೆ ಬ್ರಾಂಚಿನಲ್ಲಿ ಸಾಲು ನಿಲ್ಲುವಾಗ ನಮ್ಮ ಹೆಂಗಸರ ಬಾಯಿ ಸುಮ್ಮನಿರ್ತದಾ? ಬಾಲೆ ಇಲ್ವಾ, ಬಾಲೆ ಇಲ್ವಾ ಅಂತ ವಾರ ವಾರ ಕೇಳಿರ್ತಾರೆ. ಆ ಕಿವಿಗೆ ಬೇರೆ ಬಾಲೆ ಹೇಗೆ ಕೇಳ್ತದೆ?"

ಅವ್ವಮ್ಮ ಎದ್ದರು. ಒಳಗೆ ಹೋದರು, ಹೊರಗೆ ಬಂದರು, ಮತ್ತೆ ಒಳಗೆ ಹೋದರು. ಅಂಗಳದಲ್ಲಿ ಹೇಂಟೆಗಳನ್ನು ಸುಮ್ಮನೆ ಓಡಿಸಿದರು.

"ನಾಳೆ ಮೂಡಬಿದ್ರೆಗೆ ಹೋಗುವ ಬೆಲ್ಯುಮ್ಮ," ಎಂದಳು ಶಿಫಾನಾ. "ಹೀಗೆ ಹೀಗೆ ಆಯಿತು ಅಂತ ಹೇಳಿದರೆ ಮುಗಿಯಿತಲ್ಲ?"

"ಐವತ್ತು ಹೆಂಗಸರ ಎದುರು ಚಪ್ಪಾಳೆ ತಟ್ಟಿ ಹೇಳಿದ್ದು ನಾನು. ಈಗ ಅಡುಗೆಮನೆಗೆ ಹೋಗಿ ಕಿವಿಯಲ್ಲಿ ತಪ್ಪಾಯ್ತು ಅಂದ್ರೆ ಅವಳಿಗೆ ಎಂತ ಸಿಕ್ಕಿತು? ಅದೇ ಐವತ್ತು ಹೆಂಗಸರು ಕೇಳಬೇಕು."

"ಅಂದ್ರೆ?"

"ಮೈಲಾಂಜಿಗೆ ಹೇಳ್ತೇನೆ. ಅದೇ ಪದ ಎತ್ತಿ, ಅಲ್ಲಿಂದ ಮುಂದೆ ಹೇಳ್ತೇನೆ."

ಶಿಫಾನಾ ಬೆಲ್ಯುಮ್ಮನ ಮುಖವನ್ನೇ ನೋಡಿದಳು. ಅದೇ ಪದ! ಬೀಬಿ ಬರುವುದೇ ಇಲ್ಲ ಅಂದಿದ್ದಾರೆ; ಹೇಗೋ ಬಂದರೂ ಮೊದಲ ಎರಡು ಸಾಲು ಕೇಳಿಯೇ ಹಿಂದಿನ ಸಲದ ಹಾಗೆ ಎದ್ದು ಹೋದರೆ? ಮುಂದಿನ ಸಾಲು ಕೇಳುವವರು ಯಾರು? ಅದಕ್ಕಿಂತ ಮೊದಲಿನ ಪ್ರಶ್ನೆ, ಮುಂದಿನ ಸಾಲು ಎಲ್ಲಿದೆ? ಅವ್ವಮ್ಮ ಮೂರು ದಿನ ಕೂತಲ್ಲಿ ನಿಂತಲ್ಲಿ ತುಟಿ ಅಲುಗಿಸಿದರು. ಚಟ್ನಿ ಅರೆಯುವಾಗ ಗುನುಗಿದರು. ಪದ ಬರಲಿಲ್ಲ. ಒಂದು ಮದುವೆಯಲ್ಲಿ ಮುನ್ನೂರು ಪದ ಕಟ್ಟಿದ ಬಾಯಿಗೆ ನಾಲ್ಕು ಸಾಲು ಬರಲಿಲ್ಲ.

ನಾಲ್ಕನೆಯ ಬೆಳಗ್ಗೆ ಅವರು ಸೀರೆಯ ಮೇಲೆ ಬಿಳಿ ಶಾಲು ಹೊದ್ದು ಹೊರಟರು. "ಬೆಳ್ತಂಗಡಿ ಸಂತೆಗೆ. ಶಿಫಾ, ಚೀಲ ಹಿಡಿ."

"ಮದುಮಗಳನ್ನು ಸಂತೆಗಾ ಮಾಮಿ?" ಖದೀಜ ಅಡ್ಡ ಬಂದರು.

"ಸಂತೆಯಲ್ಲಿ ಮಾರ್ಲಿಕ್ಕೆ ಅಲ್ಲ. ಹಿಂದೆ ತರ್ತೇನೆ."

ಸಂತೆಯಲ್ಲಿ ಅವರು ಮೂರು ಅಂಗಡಿಯ ಗೊನೆ ಬೆರಳಿನಲ್ಲಿ ತಟ್ಟಿ, ಮೂಸಿ, ಬೈದು, ನಾಲ್ಕನೆಯವನಲ್ಲಿ ಒಂದು ದೊಡ್ಡ ಕದಳಿ ಗೊನೆ ಆರಿಸಿದರು. ಎರಡು ದಿನದಲ್ಲಿ ಹಣ್ಣಾಗುವಂಥದ್ದು. ಗೊನೆ ಬಸ್ಸಿನ ಮೇಲೆ ಹಾಕಲು ಬಿಡಲಿಲ್ಲ, ಪೆಟ್ಟಾಗುತ್ತದಂತೆ. ಶಿಫಾನಾ ಮತ್ತು ಅವರು ಮಧ್ಯೆ ಗೊನೆ ಕೂರಿಸಿಕೊಂಡು ಮೂರು ಜನರ ಸೀಟು ತುಂಬಿಸಿದರು. ಆ ದಾರಿಯ ಕಂಡಕ್ಟರ್ ಜಿತೇಶ್‌ಗೆ ಅವ್ವಮ್ಮ ದಿನದ ಗಿರಾಕಿ.

"ಎರಡು ಪುಂಜಾಲಕಟ್ಟೆ. ಇದು ಯಾರು ಅಜ್ಜಿ, ಮಧ್ಯದಲ್ಲಿ ಕೂತದ್ದು? ಸೀಟು ಹಿಡಿದ ಮೇಲೆ ಟಿಕೆಟ್ ಆಗ್ತದೆ ಮತ್ತೆ."

"ಬಾಲೆ ಮಾರಾಯ," ಎಂದರು ಅವ್ವಮ್ಮ, ಬೇರೆ ಏನೋ ಯೋಚಿಸುತ್ತಾ, ತಮ್ಮ ಭಾಷೆಯಲ್ಲಿ.

ಜಿತೇಶ್ ತುಳುವಿನವನು. ಅವನ ಮುಖ ಅರಳಿತು. "ಓ, ಬಾಲೆಯಾ! ಬಾಲೆಗೆ ಟಿಕೆಟ್ ಇಲ್ಲ. ಆದ್ರೆ ಮಡಿಲಲ್ಲಿ ಕೂರಿಸ್ಬೇಕು, ಅಳದ ಹಾಗೆ ನೋಡ್ಕೊಳ್ಬೇಕು."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವ್ವಮ್ಮ ನಗಲಿಲ್ಲ. ಜಿತೇಶನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಗೊನೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು, ಎರಡು ಕೈ ಬಳಸಿ ಹಿಡಿದರು, ಒಮ್ಮೆ ತೂಗಿದರು. ಅವರ ತುಟಿ ಅಲುಗತೊಡಗಿತು. ಶಿಫಾನಾ ಪಕ್ಕದಲ್ಲಿ ಕೂತು ಬೆಲ್ಯುಮ್ಮನ ಬೆರಳನ್ನು ನೋಡಿದಳು. ಅದು ಗೊನೆಯ ಮೇಲೆ ತಾಳ ಹಾಕುತ್ತಿತ್ತು. ಪುಂಜಾಲಕಟ್ಟೆ ಬರುವಷ್ಟರಲ್ಲಿ ಮುದುಕಿ ಒಬ್ಬರೇ ಜೋರಾಗಿ ನಗುತ್ತಿದ್ದರು.

"ಸಿಕ್ಕಿತಾ ಬೆಲ್ಯುಮ್ಮ?"

"ಟಿಕೆಟ್ ಇಲ್ಲದೆ ಬಂತು ಮೋಲೆ!"

ಮೈಲಾಂಜಿಯ ದಿನ ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಅಂಗಳದ ಪಂದಲು ಹೆಂಗಸರಿಂದ ತುಂಬಿತ್ತು. ಶಿಫಾನಾ ಹಸಿರು ಸೀರೆಯಲ್ಲಿ, ನಡುವಿನ ಚಾಪೆಯ ಮೇಲೆ, ಎರಡು ಅಂಗೈ ಮೇಲೆ ಮಾಡಿ ಕೂತಿದ್ದಳು. ಜೆದ್ದಾದಿಂದ ಬಂದ ಝುಬೈರ್ ತಂದಿದ್ದ ಸ್ಟೀರಿಯೊ ಪಂದಲು ನಡುಗುವ ಹಾಗೆ ಹಾಡುತ್ತಿತ್ತು. ಆಗ ಮೂಡಬಿದಿರೆಯ ವ್ಯಾನು ಬಂತು. ತಟ್ಟೆ ಹೊತ್ತ ಹೆಂಗಸರು ಒಬ್ಬೊಬ್ಬರಾಗಿ ಇಳಿದು ಒಳಗೆ ಬಂದರು. ಬೀಬಿ ಇರಲಿಲ್ಲ.

ಬಂದವಳೊಬ್ಬಳು ಖದೀಜರ ಕಿವಿಯಲ್ಲಿ ಹೇಳಿದಳು. ಅನ್ಸಾಫ್ ಬೆಳಗ್ಗಿನಿಂದ ತಾಯಿಯ ಕಾಲು ಹಿಡಿದಿದ್ದಾನೆ. ಅವನಿಗೋಸ್ಕರ ಬೀಬಿ ವ್ಯಾನು ಹತ್ತಿದ್ದಾರೆ, ಅಂಗಳದವರೆಗೆ ಬಂದಿದ್ದಾರೆ, ಇಳಿಯುವುದಿಲ್ಲ. ಕೇಳಿದರೆ ಮೊಣಕಾಲು ನೋವು ಎನ್ನುತ್ತಾರೆ.

ಅವ್ವಮ್ಮ ನೇರ ಸ್ಟೀರಿಯೊದ ಹತ್ತಿರ ಹೋಗಿ ವಯರು ಕಿತ್ತರು. ಝುಬೈರ್ ಓಡಿ ಬಂದ.

"ಉಮ್ಮ, ಎಂತ ಮಾಡಿದ್ದು! ಹೊಸ ಸೆಟ್!"

"ಇದು ಹಾಡ್ತದೆ. ಎದುರಿನವರು ಹೇಳಿದ್ದಕ್ಕೆ ಉತ್ತರ ಕೊಡ್ತದಾ? ಇಲ್ಲ ಅಲ್ವಾ. ಹೊರಗೆ ನಡಿ. ಗಂಡಸರಿಗೆ ಇಲ್ಲಿ ಕೆಲಸ ಇಲ್ಲ."

ಅವ್ವಮ್ಮ ವ್ಯಾನಿನ ಕಡೆಗೆ ಮುಖ ಮಾಡಿ ನಿಂತು, ಗಂಟಲೆತ್ತಿ, ಇಪ್ಪತ್ತೆಂಟು ವರ್ಷದ ಹಿಂದಿನ ಅದೇ ಎರಡು ಸಾಲು ಹೇಳಿದರು. ಬಾಲೆ ಇಲ್ಲದ ಮನೆಯಿಂದ ಬಳಗ ನಡೆದು ಬಂತು.

ಹಳೆಯ ಮದುವೆಗೆ ಹೋಗಿದ್ದ ಹೆಂಗಸರು ಬಾಯಿಗೆ ಕೈ ಇಟ್ಟರು. ಅಂಗಳದಲ್ಲಿ ವ್ಯಾನಿನ ಬಾಗಿಲು ಧಡ್ ಎಂದಿತು. ಶಿಫಾನಾ ಅತ್ತ ತಿರುಗಿ ನೋಡುವಂತಿರಲಿಲ್ಲ, ಮದುಮಗಳು ಕದಲಬಾರದು. ಬಾಗಿಲು ಹಾಕಿದ ಸದ್ದೋ, ತೆರೆದ ಸದ್ದೋ? ಇಂಜಿನ್ ಶುರುವಾಗುತ್ತದೆಯೇ?

ಅವ್ವಮ್ಮ ನಿಲ್ಲಿಸಲಿಲ್ಲ. ಮೂಲೆಯಲ್ಲಿ ತೂಗುಹಾಕಿದ್ದ ಕದಳಿ ಗೊನೆಯನ್ನು ಎರಡು ಹುಡುಗಿಯರು ಹೊತ್ತು ತಂದರು. ಮುದುಕಿ ಅದನ್ನು ಮಗುವಿನ ಹಾಗೆ ಸೊಂಟಕ್ಕೆ ಒತ್ತಿ ಹಿಡಿದು ಮುಂದಿನ ಪದ ಎತ್ತಿದರು:

ಅಂಗಡಿಯಲ್ಲಿ ತೂಗುವ ಬಾಲೆ ಅಂದು ನಾ ಕೇಳಿದ್ದು,
ತೊಟ್ಟಿಲಲ್ಲಿ ತೂಗುವ ಬಾಲೆ ಬೀಬಿ ನೀ ಕೇಳಿದ್ದು;
ಗೊನೆಯ ಬಾಲೆ ನಾನು ತಂದೆ, ಬಸ್ಸಲ್ಲಿ ಟಿಕೆಟಿಲ್ಲ,
ಮಡಿಲ ಬಾಲೆ ನೀನು ತಂದೆ, ಅದಕೆ ಸಾಟಿಯಿಲ್ಲ.

ಮೂರು ಸಲ ಚಪ್ಪಾಳೆ ಬಿತ್ತು. ಸೊಂಟದ ಮೇಲೆ ಗೊನೆ ಇದ್ದುದರಿಂದ ಒಂದು ಕೈ ಗೊನೆಯ ಮೇಲೆಯೇ ಬಿತ್ತು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅರ್ಥವಾದವರು ಅರ್ಥವಾಗದವರಿಗೆ ಪಿಸುಗುಟ್ಟಿದರು. "ಅಲ್ಲಾಹ್, ಹಣ್ಣಿನ ಬಾಲೆಯಾ ಆ ದಿನ ಹೇಳಿದ್ದು!" ಎಂದು ಯಾರೋ ಗಟ್ಟಿಯಾಗಿಯೇ ಅಂದರು. ಬೇಲಿಯ ಹತ್ತಿರ ನಿಂತಿದ್ದ ಕಾಂತಿ ಕಣ್ಣೊರೆಸಿಕೊಂಡಳು.

ಆಮೇಲೆ ಪಂದಲಿನ ಬಾಗಿಲಲ್ಲಿ ಚಪ್ಪಾಳೆ ಕೇಳಿಸಿತು. ಒಂದು. ಎರಡು. ಮೂರು. ಬೀಬಿ ಅಲ್ಲಿ ನಿಂತಿದ್ದರು, ಶಾಲು ಜಾರಿತ್ತು, ಕಣ್ಣು ಕೆಂಪಾಗಿತ್ತು. ಅಲ್ಲಿಂದಲೇ ಪದ ಎತ್ತಿದರು:

ಇಪ್ಪತ್ತೆಂಟು ವರ್ಷ ತಡೆದು ಗೊನೆ ತಂದ್ರು ಅವ್ವಮ್ಮ,
ಹಣ್ಣು ಎಲ್ಲ ಕಪ್ಪಾಯಿತು, ತಿನ್ನುವುದು ಯಾರಮ್ಮ?
ತೊಟ್ಟಿಲ ಬಾಲೆ ಮೀಸೆ ಬಿಟ್ಟು ಚಪ್ಪಲಿ ಮಾರ್ತಾನೆ,
ನಿಮ್ಮ ಮನೆಯ ಚಪ್ಪಲಿ ಮೆಟ್ಟಿ ಹೆಣ್ಣು ಕೇಳ್ತಾನೆ!

ಪಂದಲು ಹಾರಿಹೋಗುವಂಥ ನಗು. ಶಿಫಾನಾ ಮದುಮಗಳೆಂಬುದನ್ನು ಮರೆತು ಬಾಯಿ ಬಿಟ್ಟು ನಕ್ಕಳು. ಅಂಗಳದ ಆಚೆ ನಿಂತ ಗಂಡಸರಿಗೆ ಒಳಗೆ ಏನಾಯಿತೆಂದು ತಿಳಿಯಲಿಲ್ಲ. ದಮ್ಮಾಮಿನಿಂದ ಬಂದಿದ್ದ ಸಲಾಂ ಮತ್ತು ಇದ್ದಿನಬ್ಬ, ತಾವು ಮಾಡಿದ ಸಂಬಂಧ ಒಳ್ಳೆಯದಾಯಿತೆಂದು ಒಬ್ಬರನ್ನೊಬ್ಬರು ಹೊಗಳಿಕೊಂಡರು.

ಬೀಬಿ ಬಂದು ಚಾಪೆಯ ಮೇಲೆ ಕೂತರು. ಮೊಣಕಾಲಿಗೆ ಏನೂ ಆಗಿರಲಿಲ್ಲ. ಅವ್ವಮ್ಮ ಕೋನು ಕೊಟ್ಟರು.

"ಇದು ಎಂಥ ಹಾಲಿನ ತೊಟ್ಟೆ?"

"ಹೊಸ ಕ್ರಮ. ನಿನಗೆ ಬರದಿದ್ದರೆ ಕಡ್ಡಿಯಲ್ಲಿ ಇಡು."

"ನಿಮಗೆ ಬರುವುದು ನನಗೆ ಬರುವುದಿಲ್ವಾ?"

ಬರಲಿಲ್ಲ. ಕೋನು ಜೋರಾಗಿ ಒತ್ತಿ ಶಿಫಾನಾಳ ಬಲ ಅಂಗೈ ಮೇಲೆ ಚುಕ್ಕಿಯ ಬದಲು ಒಂದು ಉದ್ದ ಸೊಟ್ಟ ಗುರುತು ಬಿತ್ತು. ಒರೆಸಲು ಬಂದ ಅವ್ವಮ್ಮನ ಕೈಯನ್ನು ಶಿಫಾನಾ ತಡೆದಳು. "ಇರಲಿ ಬೆಲ್ಯುಮ್ಮ. ಇದರ ಸುತ್ತ ಡಿಸೈನ್ ಮಾಡಿ." ಅವ್ವಮ್ಮ ಆ ಗುರುತಿಗೆ ಎಲೆ ಎಳೆದು, ಸುತ್ತ ಇನ್ನಷ್ಟು ಬರೆದು ಬಾಳೆಗೊನೆಯನ್ನೇ ಮಾಡಿದರು. ಬಂಟ್ವಾಳದ ಪಾರ್ಲರಿನಲ್ಲಿ ಅಂಥ ಡಿಸೈನ್ ಇರಲಿಲ್ಲ.

ಸಂಜೆ ಹಣ್ಣು ಹಂಚುವಾಗ ಬೀಬಿ ಸಿಪ್ಪೆ ಸುಲಿಯುತ್ತಾ ಹೇಳಿದ್ದನ್ನು ಶಿಫಾನಾ ಕೇಳಿಸಿಕೊಂಡಳು. "ಒಂದು ಸಲ ನೀವೇ ಬಂದು ಕೇಳ್ಲಿಕ್ಕೆ ಆಗಲಿಲ್ವಾ?"

"ಒಂದು ಸಲ ನಿನಗೆ ಹೇಳ್ಲಿಕ್ಕೆ ಆಗಲಿಲ್ವಾ?"

ಇಬ್ಬರೂ ಹಣ್ಣು ತಿಂದರು.

ಆಮೇಲಿನ ಎಂಟು ವರ್ಷ ಅವ್ವಮ್ಮನ ಬದುಕಿನ ಅತ್ಯಂತ ಗಡಿಬಿಡಿಯ ವರ್ಷಗಳು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಮದುವೆ ಮನೆಗಳಲ್ಲಿ ಸ್ಟೀರಿಯೊ ಬಂದ್ ಮಾಡಿಸುವ ಇಬ್ಬರು ಹೆಂಗಸರೆಂದು ಅವರು ಪ್ರಸಿದ್ಧರಾದರು. ಒಬ್ಬರನ್ನು ಹೆಣ್ಣಿನ ಕಡೆಯವರು ಕರೆದರೆ ಇನ್ನೊಬ್ಬರನ್ನು ಗಂಡಿನ ಕಡೆಯವರು ಕರೆಯಬೇಕು. ಒಂದೇ ಕಡೆ ಕೂತರೆ ಪಾಟ್ ಆಗುವುದಿಲ್ಲ. ಸೊಸೆಯ ತವರಿನ ಮುದುಕಿಯ ಜೊತೆ ಅತ್ತೆ ಬಸ್ಸಿನಲ್ಲಿ ಊರೂರು ತಿರುಗುವುದನ್ನು ಕಂಡು ಜಿತೇಶ್, "ಇವತ್ತು ಬಾಲೆ ಇಲ್ವಾ ಅಜ್ಜಿ?" ಎಂದು ಕೇಳದ ದಿನವಿಲ್ಲ. ೨೦೦೪ರಲ್ಲಿ ಬಂಟ್ವಾಳದ ಒಂದು ಸಭೆಯಲ್ಲಿ ಇಬ್ಬರನ್ನೂ ವೇದಿಕೆ ಹತ್ತಿಸಿದರು. ಎಂಬತ್ತರ ಅವ್ವಮ್ಮ ಮೈಕನ್ನು ಬದಿಗೆ ಸರಿಸಿ, ಅಧ್ಯಕ್ಷರ ಕೋಟಿನ ಮೇಲೆ ಪದ ಕಟ್ಟಿ, ಮೂರು ಸಲ ಚಪ್ಪಾಳೆ ತಟ್ಟಿ, ಉತ್ತರಕ್ಕಾಗಿ ಅವರ ಮುಖವನ್ನೇ ನೋಡುತ್ತಾ ನಿಂತರು. ಅಧ್ಯಕ್ಷರು ನೀರು ಕುಡಿದರು.

೨೦೦೭ರ ಫೆಬ್ರವರಿಯಲ್ಲಿ ಅವ್ವಮ್ಮ ಹಾಸಿಗೆ ಹಿಡಿದರು. ಮಲಗಿದ್ದು ಸ್ವಲ್ಪವೇ ದಿನ, ಹೆಚ್ಚು ದಿನ ಮಲಗುವ ತಾಳ್ಮೆ ಅವರಿಗಿರಲಿಲ್ಲ. ಶಿಫಾನಾ ಮೊದಲೇ ತವರಿಗೆ ಬಂದು ಹಾಸಿಗೆಯ ಪಕ್ಕದಲ್ಲಿದ್ದಳು. ಕೊನೆಯ ಗುರುವಾರ ಮಧ್ಯಾಹ್ನ ಬೀಬಿ ಮೂಡಬಿದಿರೆಯಿಂದ ಬಂದರು. ಒಂದು ಕಂಕುಳಲ್ಲಿ ಸಣ್ಣದೊಂದು ಬಾಳೆಗೊನೆ, ಇನ್ನೊಂದರಲ್ಲಿ ಶಿಫಾನಾಳ ಎರಡನೆಯ ಮಗಳು, ಒಂದೂವರೆ ವರ್ಷದ ಶಮ್ನಾ. ಬಾಗಿಲಲ್ಲೇ ಅವ್ವಮ್ಮನ ಕಣ್ಣು ಅವರನ್ನು ಹಿಡಿಯಿತು.

"ಬಾಲೆ ತಂದೆಯಾ?"

"ಯಾವುದು ಬೇಕು, ಹೇಳಿ."

"ಟಿಕೆಟ್ ಇಲ್ಲದ್ದು."

ಬೀಬಿ ಎರಡನ್ನೂ ಹಾಸಿಗೆಯ ಮೇಲೆ ಇಟ್ಟರು. ಶಮ್ನಾ ಗೊನೆಗೆ ಕೈ ಹಾಕಿದಳು. ಅವ್ವಮ್ಮ ಒಂದು ಹಣ್ಣು ಮುಟ್ಟಿ, ಮೂಸಿ, ಹುಬ್ಬು ಗಂಟಿಕ್ಕಿದರು.

"ಇದು ಕದಳಿ ಅಲ್ಲ, ಮೈಸೂರು ಹಣ್ಣು. ಮೂಡಬಿದ್ರೆಯವರ ಕಥೆ ಯಾವಾಗಲೂ ಇಷ್ಟೇ," ಎಂದರು. ಶಿಫಾನಾ ನೋಡುತ್ತಿದ್ದಂತೆ ಅವರ ತುಟಿ ಅಲುಗತೊಡಗಿತು, ಎರಡೂ ಕೈ ಹೊದಿಕೆಯ ಹೊರಗೆ ಬಂತು. ಬೀಬಿ ಶಾಲು ಸರಿಮಾಡಿಕೊಂಡು, ಎದುರಿಗೆ ಚಾಪೆ ಎಳೆದು, ಉತ್ತರಕ್ಕೆ ತಯಾರಾಗಿ ಕೂತರು.